ಕೊಟ್ಟಿಗೆಯಲ್ಲಿ ಕಟ್ಟಿದ ಜೀಪಿನ ಜಮಾ-ಖರ್ಚು

ಹಳೇ ಜೀಪೊಂದನ್ನು ತಂದು, ಮನೆಯಲ್ಲೇ ಬಿಚ್ಚಿ, ಬೇಕಾದ ಹಾಗೆ ಕಟ್ಟಿಕೊಳ್ಳುವ ಆಸೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹುಡುಗರಲ್ಲಿ ಈಗ ಜೋರಾಗಿದೆ. ಅಡಿಕೆಗೆ ದರ ಬಂದ ವರ್ಷ ಇನ್ನೂ ಜೋರು. ಭೈರುಂಬೆಯ ನಮ್ಮನೆ ಕೊಟ್ಟಿಗೆಯ ಪಕ್ಕದ ಮಾಡಿನಡಿ ನಾನು 1992ರ ಮಹೀಂದ್ರ ಎಂಎಂ 540 ಕಟ್ಟಿದ್ದನ್ನು ನೋಡಿದವರೆಲ್ಲ ಮೊದಲು ಕೇಳುವುದು ‘ಒಟ್ಟೂ ಎಷ್ಟಾತು?’ ಎಂದೇ. ಒಟ್ಟು 4,90,000 ರೂಪಾಯಿ ಆಯಿತು. ಆದರೆ ಆ ಮೊತ್ತಕ್ಕಿಂತ ಅದನ್ನು ಯಾವ ಸರದಿಯಲ್ಲಿ ಖರ್ಚು ಮಾಡಿದೆ ಎಂಬುದೇ ಮುಖ್ಯ. ಅರ್ಧ ಬಿಚ್ಚಿಟ್ಟು ಕೈಬಿಟ್ಟ ಜೀಪುಗಳನ್ನು ನಮ್ಮ ಸುತ್ತಮುತ್ತ ಬೇಕಷ್ಟು ನೋಡಿದ್ದೇನೆ. ಅವುಗಳಲ್ಲಿ ಹೆಚ್ಚಿನವು ನಿಂತದ್ದು ದುಡ್ಡು ಸಾಲದೇ ಅಲ್ಲ, ದುಡ್ಡು ತಪ್ಪು ಜಾಗದಲ್ಲಿ ಮೊದಲು ಖರ್ಚಾಗಿ.

ಹೀಗೆ ಬೇಕಾದ ಹಾಗೆ ಕಟ್ಟಿಕೊಂಡ ಹಳೇ ಗಾಡಿಗೆ ಅಮೆರಿಕದಲ್ಲಿ ‘ಹಾಟ್ ರಾಡ್’ ಎನ್ನುತ್ತಾರೆ. 1930ರ ದಶಕದ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್ ಕಾರುಗಳ ಮಡ್‌ಗಾರ್ಡ್ ಕಿತ್ತು, ಭಾರ ಇಳಿಸಿ, ಎಂಜಿನ್ನಿನ ಶಕ್ತಿ ಏರಿಸಿ, ಮುರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಅದರ ಹಿಂದೆ ಇದ್ದದ್ದು ಅಗ್ಗದ ಲೆಕ್ಕ. ಫೋರ್ಡ್ ಕಂಪನಿ ಮಾಡೆಲ್ ಟಿ ಕಾರನ್ನು 1927ರ ವರೆಗೆ ಒಂದೂವರೆ ಕೋಟಿ ಮಾಡಿತ್ತು. ಸೆಕೆಂಡ್ ಹ್ಯಾಂಡ್ ಗಾಡಿ ಹೇರಳ, ಬಿಡಿಭಾಗ ಹೇರಳ. 1932ರಲ್ಲಿ ಅದೇ ಕಂಪನಿ ಸಾಮಾನ್ಯರ ಕೈಗೆಟುಕುವ ಬೆಲೆಗೆ ವಿ8 ಎಂಜಿನ್ ಕೊಟ್ಟಿತು. ನಮ್ಮ ಕಡೆ ಆ ಜಾಗದಲ್ಲಿರುವುದು ಜೀಪು. 1947ರಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಜೋಡಣೆ ಶುರುವಾದ ಮೇಲೆ ದಶಕಗಟ್ಟಲೆ ಅದೇ ಮೂಲದ ಗಾಡಿ ಬಂತು. ಮಲೆನಾಡಿನ ಮಣ್ಣುರಸ್ತೆಯಲ್ಲಿ ದಿಬ್ಬಣ ಹೋದದ್ದು, ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು, ಅಡಿಕೆ ಚೀಲ ಮಂಡಿಗೆ ಹೊತ್ತದ್ದು ಎಲ್ಲಾ ಅದರಲ್ಲೇ. ಆದ್ದರಿಂದ ಶಿರಸಿಯಲ್ಲಿ ಇಂದಿಗೂ ಜೀಪಿನ ಕೆಲಸ ಗೊತ್ತಿದ್ದ ಕೈಗಳಿವೆ. ನಾನು ಧೈರ್ಯ ಮಾಡಿದ್ದಕ್ಕೆ ಇದೇ ದೊಡ್ಡ ಕಾರಣ. ಕೆಲಸಗಾರ ಹತ್ತಿರ ಇಲ್ಲದ ಗಾಡಿಯ ಖರ್ಚಿಗೆ ತಳವಿಲ್ಲ.

ನನ್ನ ಲೆಕ್ಕದ ಪುಸ್ತಕದ ಮೊದಲ ಸಾಲು: ಜೀಪಿಗೆ 1,60,000. ಅದೇ ಸಮಯದಲ್ಲಿ ಇನ್ನೂ ಕಡಿಮೆಗೆ, ನೋಡಲಿಕ್ಕೆ ಇದಕ್ಕಿಂತ ಚಂದದ ಜೀಪೂ ಸಿಗುತ್ತಿತ್ತು. ಅದರ ಆರ್‌ಸಿ ಅವಧಿ ಎಂದೋ ಮುಗಿದಿತ್ತು, ಹೆಸರು ಇನ್ನೂ ಹಿಂದಿನ ಮಾಲೀಕರದ್ದು. ನಾನು ಬಾಡಿ ತುಕ್ಕು ಹಿಡಿದ, ಆದರೆ ಕಾಗದ ನೆಟ್ಟಗಿದ್ದ ಗಾಡಿಯನ್ನೇ ತೆಗೆದುಕೊಂಡೆ. ತುಕ್ಕು ಹಿಡಿದ ತಗಡನ್ನು ಊರಿನಲ್ಲೇ ಬದಲಿಸಬಹುದು, ಇಲ್ಲದ ಕಾಗದವನ್ನು ಯಾವ ಗ್ಯಾರೇಜಿನಲ್ಲೂ ಮಾಡಿಸಲಾಗದು. ವರ್ಗಾವಣೆ, ನವೀಕರಣ, ಹಸಿರು ತೆರಿಗೆ, ವಿಮೆ ಎಲ್ಲ ಸೇರಿ 25,000 ಹತ್ತಿತು.

ಈ ಕಾಗದದ ಖರ್ಚನ್ನು ಲೆಕ್ಕಕ್ಕೇ ಹಿಡಿಯದವರು ಬಹಳ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. 2022ರ ಏಪ್ರಿಲ್ 1ರಿಂದ ಕಾರು-ಜೀಪುಗಳ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಲಘು ವಾಹನಕ್ಕೆ ಅದು 10,000 ಆಯಿತು. ಇನ್ನು ವಿಮೆ. 1500 ಸಿಸಿ ಮೀರಿದ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ಜಾರಿಗೆ ಬಂದ ಥರ್ಡ್ ಪಾರ್ಟಿ ದರ ವರ್ಷಕ್ಕೆ 7,897 ರೂಪಾಯಿ, ಮೇಲೆ ಜಿಎಸ್‌ಟಿ. ಎಂಎಂ 540ರ ಎಂಜಿನ್ 2112 ಸಿಸಿ, ಆದ್ದರಿಂದ ಅದೇ ದರ. ಜೀಪು ಮಾಡಿನಡಿ ನಿಂತಿದ್ದರೂ ಈ ಖರ್ಚು ನಿಲ್ಲುವುದಿಲ್ಲ. ನಮ್ಮಪ್ಪಯ್ಯ ಹೇಳುತ್ತಿದ್ದದ್ದು ಸರಿಯಿತ್ತು: ‘ತಮ್ಮಾ, ಗಾಡಿ ತಗಂಬಲೆ ಒಂದೇ ಸಲ ದುಡ್ಡು, ಇಟ್ಗಂಬಲೆ ದಿನಾ ದುಡ್ಡು.’

ಎರಡನೆಯ ಖರ್ಚು ಯಾವುದಾಗಬೇಕು ಎಂದು ನಿಶ್ಚಯಿಸಿದವರು ಶಿರಸಿಯ ಮೇಸ್ತ್ರಿ. ಎಂಜಿನ್ ಇಳಿಸುವ ಮಾತೆತ್ತಿದಾಗ ಅವರು, ‘ಹೆಗಡೇರೆ, ಓಡೋದು ಆಮೇಲೆ ನೋಡುವ. ಮೊದಲು ನಿಲ್ಲೋ ಗಾಡಿ ಮಾಡುವ’ ಎಂದರು. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕ್ ಇರುವ ಜೀಪು ಇದು. ಮಾಸ್ಟರ್ ಸಿಲಿಂಡರ್, ಲೈನಿಂಗ್, ಪೈಪುಗಳು, ಕಿಂಗ್ ಪಿನ್, ವೀಲ್ ಬೇರಿಂಗ್, ಸ್ಟೀರಿಂಗ್ ಬಾಕ್ಸ್ ಎಲ್ಲಕ್ಕೂ ಸೇರಿ 38,000. ಕಣ್ಣಿಗೆ ಒಂದೂ ಕಾಣುವುದಿಲ್ಲ. ಆದರೆ ಘಟ್ಟದ ರಸ್ತೆಯಲ್ಲಿ ಜೀವ ಉಳಿಸುವುದು ಇವೇ. ಬಣ್ಣಕ್ಕೆ, ದಪ್ಪ ಟಯರಿಗೆ ಮೊದಲು ದುಡ್ಡು ಹಾಕಿದವರಿಗೆ ಇವನ್ನು ಮಾಡಿಸುವಾಗ ಕೈ ಖಾಲಿ. ಕೆಲವರು ಬ್ರೇಕ್ ಅರೆಬರೆ ಮಾಡಿಸಿಯೇ ರಸ್ತೆಗಿಳಿಯುತ್ತಾರೆ. ಮನೆಯವರನ್ನು ಕೂರಿಸಿಕೊಂಡು ಹೋಗುವ ಗಾಡಿಯಲ್ಲಿ ಹಾಗೆ ಮಾಡುವುದು ಅಕ್ಷಮ್ಯ ಎಂದೇ ನನ್ನ ಅಭಿಪ್ರಾಯ.

ಎಂಜಿನ್ನಿಗೆ 72,000. ಪ್ಯೂಜೊ ಮೂಲದ, 62 ಅಶ್ವಶಕ್ತಿಯ ಡೀಸೆಲ್ ಎಂಜಿನ್ ಅದು. ಬೋರಿಂಗ್, ಪಿಸ್ಟನ್, ಬೇರಿಂಗ್, ಹೆಡ್ ಫೇಸಿಂಗ್, ಪಂಪು ಮತ್ತು ನಾಜಲ್ ಕೆಲಸ, ಮಜೂರಿ ಎಲ್ಲ ಇದರಲ್ಲಿ ಬಂತು. ಗೇರ್‌ಬಾಕ್ಸ್, ಫೋರ್‌ವೀಲ್ ಬಾಕ್ಸ್, ಯುಜೆ ಕ್ರಾಸ್‌ಗಳಿಗೆ 30,000. ಐದು ಟಯರಿಗೆ 34,000. ತಳದ ತಗಡು, ಪಕ್ಕದ ತಗಡು, ಟಿಂಕರಿಂಗ್ ಸೇರಿ ಬಾಡಿಗೆ 65,000. ವೈರಿಂಗ್, ಬ್ಯಾಟರಿ 18,000, ಬಣ್ಣ 28,000, ಸೀಟು ಮತ್ತು ಹುಡ್ 20,000. ಬಿಚ್ಚುವುದು, ತುಕ್ಕು ಕೆರೆಯುವುದು, ತೊಳೆಯುವುದು, ಪ್ರೈಮರ್ ಹೊಡೆಯುವುದು, ಸಣ್ಣಪುಟ್ಟ ವೆಲ್ಡಿಂಗ್ ಎಲ್ಲ ನಾನೇ ಮಾಡಿದ್ದರಿಂದ ಇಷ್ಟಕ್ಕೆ ಮುಗಿಯಿತು. ಮಳೆಗಾಲದಲ್ಲಿ ತಗಡಿನ ಕೆಲಸ ಹಿಡಿಯಲೇ ಇಲ್ಲ. ನಮ್ಮ ಕಡೆಯ ಜೂನ್-ಜುಲೈ ಗಾಳಿಯಲ್ಲಿ, ಕೆರೆದ ತಗಡು ಪ್ರೈಮರ್ ಬೀಳುವುದರೊಳಗೆ ಮತ್ತೆ ಕೆಂಪಾಗುತ್ತದೆ. ಆ ತಿಂಗಳುಗಳು ಒಳಗೆ ಕೂತು ಮಾಡುವ ಕೆಲಸಕ್ಕೇ ಸರಿ.

ಹಾಟ್ ರಾಡ್ ಎಂದರೆ ಎಂಜಿನ್ ಬದಲಿಸುವುದೇ ಮುಖ್ಯವಲ್ಲವೇ ಎಂದು ಕೇಳುವವರಿದ್ದಾರೆ. ಅಪಘಾತದಲ್ಲಿ ಜಖಂ ಆದ ಬೇರೆ ಗಾಡಿಯ ಟರ್ಬೊ ಎಂಜಿನ್ ತಂದು ಕೂರಿಸುವ ಸಲಹೆ ನನಗೂ ಬಂದಿತ್ತು. ಹಳೆಯದನ್ನು ರಿಪೇರಿ ಮಾಡಿಸಿದ್ದಕ್ಕಿಂತ ತೀರಾ ಹೆಚ್ಚೇನೂ ಆಗುತ್ತಿರಲಿಲ್ಲ, ಶಕ್ತಿಯೂ ಬರುತ್ತಿತ್ತು. ನಾನು ಒಪ್ಪದಿರಲು ಕಾರಣ ಕಾನೂನು, ಅದರ ಹಿಂದೆ ಬರುವ ವಿಮೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಹೀಗೆ ಬದಲಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಐದು ಸಾವಿರ ದಂಡ ಕಟ್ಟಿಬಿಡಬಹುದು ಎಂದುಕೊಳ್ಳುವವರು ವಿಮೆಯ ಕಡೆ ನೋಡಬೇಕು. ಗಾಡಿಯೊಳಗಿನ ಎಂಜಿನ್ ನಂಬರ್ ಒಂದು, ಆರ್‌ಸಿಯಲ್ಲಿರುವುದು ಇನ್ನೊಂದು ಆಗಿ, ಎದುರಿನವರಿಗೆ ಪೆಟ್ಟಾದರೆ, ವಿಮಾ ಕಂಪನಿ ತಕರಾರು ತೆಗೆಯಲು ಅಷ್ಟು ಸಾಕು. ಪರಿಹಾರದ ಮೊತ್ತ ನಮ್ಮ ತಲೆಗೆ ಬಂದರೆ ತೋಟವೇ ಹೋಗಬಹುದು. ಹೆಚ್ಚಿನ ಶಕ್ತಿಯ ಆಸೆಗೆ ತೋಟವನ್ನು ಪಣಕ್ಕಿಡುವ ಲೆಕ್ಕ ನನಗೆ ಸರಿಬರಲಿಲ್ಲ.

ಮೂಲ ರೂಪ ಉಳಿಸಿಕೊಂಡ ಗಾಡಿಗೆ ವಯಸ್ಸಾದ ಮೇಲೆ ಇನ್ನೊಂದು ಲಾಭವೂ ಇದೆ. 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ಪ್ರತ್ಯೇಕ ನೋಂದಣಿ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿದ್ದರೆ ಇಲ್ಲ. ಹೊಸ ನೋಂದಣಿಗೆ ಶುಲ್ಕ 20,000. ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಅಮೆರಿಕದಲ್ಲಿ ಬದಲಾವಣೆಗೇ ಬೆಲೆ ಕೊಡುವವರಿದ್ದಾರೆ, ನಮ್ಮಲ್ಲಿ ಬೆಲೆ ಇರುವುದು ಬದಲಿಸದೇ ಉಳಿಸಿದ್ದಕ್ಕೆ. ಯಾರದಾದರೂ ಮನೆಯಲ್ಲಿ ಅಜ್ಜ ಕೊಂಡ 1970ರ ದಶಕದ ಜೀಪು ಇದ್ದರೆ, ದಯವಿಟ್ಟು ಅದನ್ನು ಕತ್ತರಿಸಬೇಡಿ.

ಈಗ ದುಡ್ಡು ಎಲ್ಲಿಂದ ಬಂತು ಎಂಬ ಮಾತು. ಅಡಿಕೆ ಬೆಳೆಗಾರನ ಕೈಗೆ ಸಂಬಳದ ಹಾಗೆ ತಿಂಗಳು ತಿಂಗಳು ದುಡ್ಡು ಬರುವುದಿಲ್ಲ. ಕೊನೆ ಕೊಯ್ಲು, ಒಣಗಿಸುವುದು, ಸುಲಿಸುವುದು ಎಲ್ಲ ಮುಗಿದು ಚಾಲಿ ವ್ಯಾಪಾರ ಆದ ಮೇಲೆ ಒಟ್ಟಿಗೆ ಬರುತ್ತದೆ. ಅದರಲ್ಲಿ ಸೊಸೈಟಿಯ ಬಾಕಿ, ಕೊನೆಗೌಡರ ಮತ್ತು ಆಳುಗಳ ಮಜೂರಿ, ಮುಂದಿನ ಮಳೆಗಾಲದ ಬೋರ್ಡೋ ಮದ್ದಿನ ಖರ್ಚು, ಮನೆಯ ವರ್ಷದ ಖರ್ಚು ತೆಗೆದಿಟ್ಟು ಉಳಿದದ್ದರಲ್ಲಿ ಒಂದು ಪಾಲನ್ನು ಸೊಸೈಟಿಯಲ್ಲೇ ಬೇರೆ ಉಳಿತಾಯ ಖಾತೆಗೆ ಹಾಕಿದೆ. ಜೀಪಿನ ಖರ್ಚೆಲ್ಲ ಆ ಖಾತೆಯಿಂದ ಮಾತ್ರ. ಅದು ಬರಿದಾದರೆ ಮುಂದಿನ ಸುಗ್ಗಿವರೆಗೆ ಕೆಲಸ ನಿಲ್ಲುತ್ತಿತ್ತು. ಕೊಳೆ ರೋಗ ಹೆಚ್ಚಾದ ವರ್ಷ ಖಾತೆಗೆ ಬಿದ್ದದ್ದು ಅತ್ಯಲ್ಪ. ಆ ವರ್ಷ ಗೇರ್‌ಬಾಕ್ಸ್ ಬಿಚ್ಚಿಟ್ಟ ಹಾಗೇ ಉಳಿಯಿತು, ತೋಟಕ್ಕೆ ಮದ್ದು ಮಾತ್ರ ತಪ್ಪಲಿಲ್ಲ.

ಬೆಳೆಸಾಲದ ದುಡ್ಡಿನಲ್ಲಿ ಜೀಪು ಕಟ್ಟುವವರಿಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಹಕಾರ ಸಂಘಗಳ ಮೂಲಕ ರೈತರಿಗೆ 3 ಲಕ್ಷದವರೆಗೆ ಬಡ್ಡಿಯಿಲ್ಲದೆ ಸಿಗುತ್ತಿದ್ದ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 5 ಲಕ್ಷಕ್ಕೆ ಏರಿಸಿತು. ಬಡ್ಡಿಯಿಲ್ಲ ಎಂಬುದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ. ಆ ದುಡ್ಡು ತೋಟಕ್ಕೆ ಹೋದರೆ ತೋಟವೇ ತೀರಿಸುತ್ತದೆ. ಬಂಪರಿಗೆ, ಅಲಾಯ್ ಗಾಲಿಗೆ ಹೋದರೆ ಗಡುವಿನ ದಿನ ಕಟ್ಟಲು ಏನೂ ಇರುವುದಿಲ್ಲ.

ಹಾಗಾದರೆ ಹೊಸ ಗಾಡಿಯನ್ನೇ ಸಾಲದಲ್ಲಿ ತರಬಹುದಿತ್ತೇ? ಹೊಸ ಥಾರ್‌ಗೆಂದು 12 ಲಕ್ಷ ರೂಪಾಯಿ ಸಾಲವನ್ನು ಶೇ. 9.5 ಬಡ್ಡಿಗೆ ಏಳು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 19,600. ಏಳು ವರ್ಷದಲ್ಲಿ ಕಟ್ಟುವ ಬಡ್ಡಿಯೇ ಸುಮಾರು 4.47 ಲಕ್ಷ. ಅಂದರೆ ನನ್ನ ಜೀಪಿಗೆ ಆದ ಖರ್ಚಿನ ಹತ್ತಿರ ಹತ್ತಿರ. ವರ್ಷಕ್ಕೊಮ್ಮೆ ಆದಾಯ ಬರುವ ಮನೆಗೆ ತಿಂಗಳ ಕಂತು ಭಾರ.

ಜೀಪಿನಲ್ಲಿ ಲಾಭವೇನೂ ಇಲ್ಲ. 4.9 ಲಕ್ಷ ಹಾಕಿದ ಗಾಡಿಗೆ ಈಗ ಕೇಳುವವರು 3 ಲಕ್ಷದ ಆಸುಪಾಸಿನಲ್ಲಿ ಕೇಳುತ್ತಾರೆ. ಅದೇ 4.9 ಲಕ್ಷ ಶೇ. 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 34,300 ಬಡ್ಡಿ ಬರುತ್ತಿತ್ತು. ಬಾಡಿಗೆಗೆ ಓಡಿಸಿ ಹುಟ್ಟಿಸಿಕೊಳ್ಳೋಣವೆಂದರೆ ಬಿಳಿ ಬೋರ್ಡಿನ ಗಾಡಿ, ಕಾನೂನು ಒಪ್ಪುವುದಿಲ್ಲ. ಜೀಪು ಕಟ್ಟುವುದು ಖರ್ಚು, ಹೂಡಿಕೆ ಅಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡು, ಸಾಲವಿಲ್ಲದ ದುಡ್ಡಿನಲ್ಲಿ ಮಾಡಿದ್ದಕ್ಕೇ ಈ ಕೆಲಸದ ಖುಷಿ ನನಗೆ ಪೂರ್ತಿ ಸಿಕ್ಕಿತು. ಮಗಳು ಸ್ಪಾನರ್ ನಂಬರ್ ಕಲಿತಳು. ದುಡ್ಡಿನ ದೊಡ್ಡ ಪಾಲು ಶಿರಸಿಯ ಲೇತು, ಪಂಪು, ಟಿಂಕರಿಂಗ್ ಕೆಲಸದವರ ಮನೆಗೇ ಹೋಯಿತು. ಅದು ಬ್ಯಾಂಕಿಗೆ ಹೋಗುವ ಬಡ್ಡಿಗಿಂತ ನನಗೆ ಸಮಾಧಾನ ಕೊಡುವ ಖರ್ಚು.

ಈ ಸುಗ್ಗಿ ಮುಗಿದ ಮೇಲೆ ಹಳೇ ಜೀಪು ನೋಡಲು ಹೊರಡುವವರಲ್ಲಿ ಒಂದು ವಿನಂತಿ. ಮುಂಗಡ ಕೊಡುವ ಮೊದಲು ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ತುಕ್ಕು ಒರೆಸಿ ಕಣ್ಣಾರೆ ಓದಿ, ಆರ್‌ಸಿಯ ಜೊತೆ ತಾಳೆ ನೋಡಿ. ನೋಂದಣಿ ಎಲ್ಲಿವರೆಗಿದೆ, ಸಾಲದ ಹೊರೆ ಇದೆಯೇ ಎಂದು ಪರಿವಾಹನ್‌ನಲ್ಲಿ ನೋಡಿ, ಅನುಮಾನವಿದ್ದರೆ ಶಿರಸಿಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಹೆಸರು ವರ್ಗಾವಣೆಯ 29 ಮತ್ತು 30ನೇ ಫಾರಂಗಳಿಗೆ ಮಾರುವವರ ಸಹಿ ಹಾಕಿಸಿಕೊಂಡ ಮೇಲೆಯೇ ದುಡ್ಡು ಎಣಿಸಿ.