ಹಳೆಯ ಯಂತ್ರಕ್ಕೆ ಸಿಗದ ಸೆನ್ಸರ್: ಬಿಡಿಭಾಗ ಖರೀದಿಯಲ್ಲಿ ಗಮನಿಸಬೇಕಾದ ವಿಚಾರಗಳು

ಪೀಣ್ಯ ಕೈಗಾರಿಕಾ ಪ್ರದೇಶದ ಅನೇಕ ಘಟಕಗಳಲ್ಲಿ ಇಪ್ಪತ್ತು, ಇಪ್ಪತ್ತೈದು ವರ್ಷಗಳ ಹಿಂದೆ ಕೊಂಡ ಕಂಪ್ರೆಸರ್, ಬ್ಲೋವರ್, ಜನರೇಟರ್‌ಗಳು ಇಂದಿಗೂ ದುಡಿಯುತ್ತಿವೆ. ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಹಳೆಯ ಕಟ್ಟಡಗಳ ಚಿಲ್ಲರ್‌ಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಇಂತಹ ಯಂತ್ರಗಳ ಎರಕದ ಕವಚ, ಶಾಫ್ಟ್, ಗೇರುಗಳ ಆಯುಷ್ಯ ದೀರ್ಘವಾದುದು. ಬೇರಿಂಗ್ ಸವೆದರೆ ಅದೇ ಸಂಖ್ಯೆಯ ಬೇರಿಂಗ್ ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಆದರೆ ಯಂತ್ರದ ಕಂಪನವನ್ನೋ ವೇಗವನ್ನೋ ಅಳೆಯುವ ಬೆರಳುದ್ದದ ಸೆನ್ಸರ್ ಕೆಟ್ಟಾಗ, ಆ ಮಾಡೆಲಿನ ತಯಾರಿಕೆ ನಿಂತುಹೋಗಿದೆ ಎಂಬ ಉತ್ತರ ಬರುತ್ತದೆ. ಆಗ ಲಕ್ಷಾಂತರ ರೂಪಾಯಿ ಬೆಲೆಯ ಯಂತ್ರವೊಂದು ಚಿಕ್ಕ ಬಿಡಿಭಾಗಕ್ಕಾಗಿ ವಾರಗಟ್ಟಲೆ ನಿಲ್ಲುತ್ತದೆ. ಖರೀದಿ ವಿಭಾಗದವರು ಸಿಕ್ಕಿದ ಬೆಲೆಗೆ, ಸಿಕ್ಕಿದವರಿಂದ ಕೊಳ್ಳುವುದು ಇಂತಹ ಸಂದರ್ಭದಲ್ಲಿಯೇ. ಬಿಲ್ಲು, ಪರೀಕ್ಷೆ, ತೆರಿಗೆ ಇವುಗಳ ವಿಚಾರ ವರ್ಷಾಂತ್ಯದಲ್ಲಿ ಲೆಕ್ಕಪರಿಶೋಧಕರು ಬಂದಾಗ ಮಾತ್ರ ಏಳುತ್ತದೆ.

ಯಂತ್ರಕ್ಕಿಂತ ಮೊದಲು ಸೆನ್ಸರ್ ಹಳತಾಗಲು ಕಾರಣವುಂಟು. ಸೆನ್ಸರಿನೊಳಗಿನ ಎಲೆಕ್ಟ್ರಾನಿಕ್ ಬಿಡಿಭಾಗಗಳು ಯಂತ್ರದ ಅರ್ಧ ಆಯುಷ್ಯವೂ ಕಳೆಯುವ ಮೊದಲೇ ಮಾರುಕಟ್ಟೆಯಿಂದ ಮರೆಯಾಗುತ್ತವೆ. ಯುರೋಪಿನಲ್ಲಿ ಸೀಸ ಮುಂತಾದ ವಸ್ತುಗಳನ್ನು ನಿರ್ಬಂಧಿಸುವ ರೋಸ್ ನಿಯಮವು 2006ರ ಜುಲೈ 1ರಿಂದ ಜಾರಿಗೆ ಬಂದಿತು. ಕೈಗಾರಿಕಾ ಮಾಪನ ಹಾಗೂ ನಿಯಂತ್ರಣ ಉಪಕರಣಗಳಿಗೆ ಅದು 2017ರ ಜುಲೈ 22ರಿಂದ ಅನ್ವಯಿಸಿತು. ಕಡಿಮೆ ಮಾರಾಟವಿರುವ ಹಳೆಯ ಮಾಡೆಲನ್ನು ಹೊಸದಾಗಿ ವಿನ್ಯಾಸಗೊಳಿಸುವುದಕ್ಕಿಂತ ನಿಲ್ಲಿಸಿಬಿಡುವುದೇ ತಯಾರಕರಿಗೆ ಲಾಭದಾಯಕ. ನಿಲ್ಲಿಸುವ ಮುನ್ನ ಕೊನೆಯ ಆರ್ಡರಿಗೆ ಗಡುವು ನೀಡಿ ಸೂಚನೆ ಕಳಿಸುವ ಪದ್ಧತಿ ಇದೆ. ಆದರೆ ಅದು ಯಂತ್ರ ತಯಾರಕನಿಗೋ ವಿತರಕನಿಗೋ ತಲುಪುತ್ತದೆಯೇ ಹೊರತು, ಯಂತ್ರವನ್ನು ಬಳಸುತ್ತಿರುವ ಸಣ್ಣ ಉದ್ದಿಮೆದಾರನಿಗೆ ತಲುಪುವುದು ಅಪರೂಪ.

ಮಾಡೆಲ್ ನಿಂತುಹೋಗಿದೆ ಎಂದ ಮಾತ್ರಕ್ಕೆ ಎಲ್ಲ ಸೆನ್ಸರುಗಳಿಗೂ ಗಾಬರಿಪಡಬೇಕಾಗಿಲ್ಲ. ಬೇರಿಂಗಿನ ಉಷ್ಣತೆ ಅಳೆಯುವ ಪಿಟಿ-100 ಸೆನ್ಸರ್ ಯಾವ ಕಂಪನಿಯದಾದರೂ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಓಮ್, 100 ಡಿಗ್ರಿಯಲ್ಲಿ ಸುಮಾರು 138.5 ಓಮ್ ತೋರಿಸುತ್ತದೆ. ಉದ್ದ, ವ್ಯಾಸ ಮತ್ತು ತಂತಿಗಳ ಸಂಖ್ಯೆ ಹೊಂದಿದರೆ ಸಾಕು. ವೇಗ ಅಳೆಯುವ ಮ್ಯಾಗ್ನೆಟಿಕ್ ಪಿಕಪ್ ಕೂಡ ಸರಳವಾದುದು. ಅದು ಹಲ್ಲುಗಳ ಎಣಿಕೆಯನ್ನಷ್ಟೇ ಮಾಡುತ್ತದೆ. 60 ಹಲ್ಲುಗಳ ಚಕ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 1500 ಮಿಡಿತಗಳು ಬರುತ್ತವೆ. ಮರೆಯುರುಳಿನ ಅಳತೆ, ಕಾಯಿಲಿನ ರೋಧ ಮತ್ತು ಹಲ್ಲಿನಿಂದ ಇರಬೇಕಾದ ಅಂತರ ಸರಿಹೊಂದಿದರೆ ಸ್ಥಳೀಯ ತಯಾರಿಕೆಯೇ ನಡೆಯುತ್ತದೆ. ಇಂತಹವುಗಳಿಗೆ ಮೂಲ ಕಂಪನಿಯ ಹೆಸರಿಗಾಗಿ ಹತ್ತು ಪಟ್ಟು ಬೆಲೆ ತೆರುವುದು ಅನಾವಶ್ಯಕ.

ನಿಜವಾದ ಕಷ್ಟವಿರುವುದು ಟರ್ಬೈನ್, ಸೆಂಟ್ರಿಫ್ಯೂಗಲ್ ಕಂಪ್ರೆಸರ್ ಮುಂತಾದವುಗಳ ಶಾಫ್ಟಿನ ಕಂಪನ ಅಳೆಯುವ ಎಡ್ಡಿ ಕರೆಂಟ್ ಪ್ರೋಬ್‌ಗಳಲ್ಲಿ. ಇದು ಒಂದು ವಸ್ತುವಲ್ಲ, ಮೂರು ವಸ್ತುಗಳ ಜೋಡಣೆ: ಶಾಫ್ಟಿನ ಎದುರು ಕೂರುವ ಪ್ರೋಬ್, ಉದ್ದದ ಕೇಬಲ್, ಸಂಕೇತವನ್ನು ವೋಲ್ಟೇಜಾಗಿ ಪರಿವರ್ತಿಸುವ ಪೆಟ್ಟಿಗೆ. ಇವು ಮೂರೂ ಸೇರಿ 5 ಮೀಟರ್ ಅಥವಾ 9 ಮೀಟರ್ ಎಂಬ ನಿಗದಿತ ವಿದ್ಯುತ್ ಉದ್ದಕ್ಕೆ ಹೊಂದಿಸಲ್ಪಟ್ಟಿರುತ್ತವೆ. 5 ಮೀಟರಿನ ಪೆಟ್ಟಿಗೆಗೆ 9 ಮೀಟರಿನ ಕೇಬಲ್ ಜೋಡಿಸಿದರೆ ಅಳತೆ ತಪ್ಪುತ್ತದೆ. ಈ ಕ್ಷೇತ್ರದಲ್ಲಿ ಹೆಸರಾದ ಬೆಂಟ್ಲಿ ನೆವಾಡಾ ಸಂಸ್ಥೆಯ 7200 ಸರಣಿಯು ನಿಂತುಹೋಗಿ, ಅದರ ಸ್ಥಾನಕ್ಕೆ 3300 ಸರಣಿ ಬಂದಿತು. ಎರಡೂ ಸರಣಿಗಳ ಸಾಮಾನ್ಯ ಸೆಟ್ಟುಗಳು ಪ್ರತಿ ಮಿಲಿಮೀಟರಿಗೆ 7.87 ವೋಲ್ಟ್ ಕೊಡುವುದರಿಂದ, ಒಂದರ ಪ್ರೋಬನ್ನು ಇನ್ನೊಂದರ ಪೆಟ್ಟಿಗೆಗೆ ಹಾಕಬಹುದೆಂಬ ತಪ್ಪು ಕಲ್ಪನೆ ಹುಟ್ಟುತ್ತದೆ. ಹಾಗೆ ಹಾಕಿದರೆ ಮಾನಿಟರ್ ಏನೋ ಒಂದು ಅಂಕಿಯನ್ನು ತೋರಿಸುತ್ತದೆ. ಆದರೆ ಅದು ಶಾಫ್ಟಿನ ನಿಜವಾದ ಚಲನೆಯಲ್ಲ. ಅಂಕಿಯೇ ಬಾರದಿದ್ದರೆ ಕೆಲಸಗಾರನು ಎಚ್ಚರವಾಗುತ್ತಾನೆ, ತಪ್ಪು ಅಂಕಿ ಬಂದರೆ ಎಚ್ಚರವಾಗುವುದಿಲ್ಲ. ಆದ್ದರಿಂದ ಹಳೆಯ ಸರಣಿಯ ಒಂದು ತುಂಡು ಕೆಟ್ಟಾಗ ಅದೇ ಸರಣಿಯ ತುಂಡನ್ನು ಹುಡುಕಬೇಕು, ಇಲ್ಲವೇ ಮೂರನ್ನೂ ಒಟ್ಟಿಗೆ ಬದಲಿಸಬೇಕು. ಬದಲಿಸುವಾಗ ಮಾನಿಟರ್ ಎಷ್ಟು ವೋಲ್ಟ್ ಸರಬರಾಜು ಮಾಡುತ್ತದೆ ಎಂಬುದನ್ನು ನೋಡತಕ್ಕದ್ದು. ಹೊಸ ಸೆಟ್ಟುಗಳಿಗೆ −24 ವೋಲ್ಟ್ ಬೇಕು, ಹಳೆಯ ಕೆಲವು ಮಾನಿಟರ್‌ಗಳು ಕೊಡುವುದು −18 ವೋಲ್ಟ್.

ಹುಡುಕುವ ಮೊದಲು ಸೆನ್ಸರಿನ ಮೇಲಿನ ಪೂರ್ಣ ಪಾರ್ಟ್ ನಂಬರನ್ನು, ಅಡ್ಡಗೆರೆಗಳ ನಂತರದ ಅಂಕಿಗಳನ್ನೂ ಸೇರಿಸಿ, ಬರೆದುಕೊಳ್ಳಬೇಕು. ಮರೆ, ಉದ್ದ, ಕೇಬಲ್ ಎಲ್ಲವೂ ಆ ಬಾಲದಲ್ಲಿಯೇ ಅಡಗಿರುತ್ತವೆ. ಮೊದಲ ವಿಚಾರಣೆ ಅಧಿಕೃತ ವಿತರಕರಲ್ಲಿ ನಡೆಯಲಿ. ಅವರಲ್ಲಿ ಹಳೆಯ ದಾಸ್ತಾನು ಉಳಿದಿರುವುದುಂಟು. ಎರಡನೆಯದು, ಅದೇ ಯಂತ್ರವನ್ನು ಬಳಸುವ ಇತರ ಕಾರ್ಖಾನೆಗಳು. ರಾಜ್ಯದ ಸಕ್ಕರೆ ಕಾರ್ಖಾನೆಗಳ ಹಳೆಯ ಟರ್ಬೈನ್‌ಗಳಿಗೂ ಇದೇ ಬಗೆಯ ಪ್ರೋಬ್‌ಗಳಿವೆ. ಮಾನಿಟರ್ ಬದಲಿಸಿದ ಕಾರ್ಖಾನೆಯ ಸ್ಟೋರಿನಲ್ಲಿ ಹಳೆಯವು ಧೂಳು ತಿನ್ನುತ್ತಿರಬಹುದು. ಈ ಮಾರ್ಗವನ್ನು ನಮ್ಮ ಉದ್ದಿಮೆದಾರರು ಕಡಿಮೆ ಬಳಸುತ್ತಾರೆ, ಬಹುಶಃ ಸಂಕೋಚದಿಂದ. ಮೂರನೆಯದು ಎಸ್.ಪಿ. ರಸ್ತೆಯ ಅಂಗಡಿಗಳು ಮತ್ತು ಹಳೆಯ ಯಂತ್ರ ಬಿಚ್ಚಿ ಮಾರುವವರು. ಇಲ್ಲಿ ಬೆಲೆ ಕಡಿಮೆ, ಅಪಾಯ ಹೆಚ್ಚು. ಹೊಸ ಲೇಬಲ್ ಅಂಟಿಸಿದ ಹಳೆಯ ಮಾಲೂ ಬರಬಹುದು.

ಆದ್ದರಿಂದ ಪರೀಕ್ಷೆಯ ಷರತ್ತನ್ನು ಖರೀದಿ ಆದೇಶದಲ್ಲಿಯೇ ಬರೆಯುವುದು ಒಳಿತು. ಪ್ರೋಬಿನ ತುದಿಯ ಎದುರು ಶಾಫ್ಟಿನದೇ ಉಕ್ಕಿನ ತುಂಡನ್ನಿಟ್ಟು, ಮೈಕ್ರೋಮೀಟರಿನಿಂದ 0.25 ಮಿ.ಮೀ.ನಂತೆ ಸರಿಸುತ್ತಾ ಹೋದರೆ, ಪ್ರತಿ ಹೆಜ್ಜೆಗೂ ಸುಮಾರು 2 ವೋಲ್ಟ್ ವ್ಯತ್ಯಾಸ ಕಾಣಬೇಕು. ಸಾಮಾನ್ಯ ಪ್ರೋಬ್‌ಗಳನ್ನು 4140 ದರ್ಜೆಯ ಉಕ್ಕಿಗೆ ಹೊಂದಿಸಿರುವುದರಿಂದ ಬೇರೆ ಲೋಹದಲ್ಲಿ ಅಂಕಿ ಬದಲಾಗುತ್ತದೆ. ಹೊರಗಿನ ಪ್ರಯೋಗಾಲಯಕ್ಕೆ ಕಳಿಸುವುದಾದರೆ ಅದರ ಎನ್‌ಎಬಿಎಲ್ ಮಾನ್ಯತೆಯಲ್ಲಿ ಈ ಅಳತೆ ಸೇರಿದೆಯೇ ಎಂದು ನೋಡಬೇಕು.

ವಿದೇಶದ ಹಳೆಯ ದಾಸ್ತಾನು ಮಾರುವವರಿಂದ ತರಿಸುವುದಾದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಬಳಸದ ಮಾಲು ಮತ್ತು ದುರಸ್ತಿ ಮಾಡಿದ ಮಾಲು ಆಮದಿನಲ್ಲಿ ಒಂದೇ ಅಲ್ಲ. 2023ರ ವಿದೇಶ ವ್ಯಾಪಾರ ನೀತಿಯ ಪ್ರಕಾರ, ಬಂಡವಾಳ ಸರಕುಗಳ ದುರಸ್ತಿಗೊಂಡ ಬಿಡಿಭಾಗಗಳನ್ನು ಮುಕ್ತವಾಗಿ ತರಬಹುದಾದರೂ, ಮೂಲ ಬಿಡಿಭಾಗದ ಆಯುಷ್ಯದಲ್ಲಿ ಕನಿಷ್ಠ ಶೇ. 80 ಭಾಗ ಉಳಿದಿದೆ ಎಂಬ ಚಾರ್ಟರ್ಡ್ ಇಂಜಿನಿಯರರ ಪ್ರಮಾಣಪತ್ರ ಬೇಕು. ಅದಿಲ್ಲದೆ ಬಂದ ಪೊಟ್ಟಣ ಕಸ್ಟಮ್ಸ್‌ನಲ್ಲಿ ಕುಳಿತರೆ, ತುರ್ತಿಗಾಗಿ ತೆತ್ತ ವಿಮಾನ ಬಾಡಿಗೆ ವ್ಯರ್ಥವಾಗುತ್ತದೆ. ಮುಂಗಡ ಹಣ ಕಳಿಸಿದ್ದಲ್ಲಿ ಬಿಲ್ ಆಫ್ ಎಂಟ್ರಿಯನ್ನು ಬ್ಯಾಂಕಿನ ಲೆಕ್ಕಕ್ಕೆ ಹೊಂದಿಸುವವರೆಗೂ ವ್ಯವಹಾರ ಮುಗಿದಂತಲ್ಲ.

ಇನ್ನು ಖರೀದಿಯ ಲೆಕ್ಕ. ಒಂದು ಘಟಕದ ಕಂಪ್ರೆಸರ್ ನಿಂತರೆ ದಿನಕ್ಕೆ 90,000 ರೂ. ಕಾಂಟ್ರಿಬ್ಯೂಷನ್ ನಷ್ಟವೆಂದು ಇಟ್ಟುಕೊಳ್ಳೋಣ. ಇದು ಮಾರಾಟದ ಮೊತ್ತವಲ್ಲ. ಮಾರಾಟದಿಂದ ಕಚ್ಚಾ ಮಾಲು ಮುಂತಾದ ಉಳಿಯುವ ಖರ್ಚುಗಳನ್ನು ಕಳೆದದ್ದು. ಸಂಬಳ, ಬಾಡಿಗೆ, ಬಡ್ಡಿ ಯಂತ್ರ ನಿಂತರೂ ನಿಲ್ಲುವುದಿಲ್ಲ. ಸೆನ್ಸರ್ ಬರಲು 21 ದಿನಗಳಾದರೆ ನಷ್ಟ 18.90 ಲಕ್ಷ ರೂ. ಹಳೆಯ ಸರಣಿಯ ಎರಡು ಸೆಟ್ಟುಗಳನ್ನು ಈಗಲೇ ಕೊಂಡಿಡಲು 2.80 ಲಕ್ಷ, ಮಾನಿಟರ್ ಸಹಿತ ಪೂರ್ಣ ಬದಲಾವಣೆಗೆ 6.50 ಲಕ್ಷ ಎಂದಾಗಲಿ. ವರ್ಷವೊಂದರಲ್ಲಿ ಕೆಡುವ ಸಂಭವ ಐದರಲ್ಲಿ ಒಂದು ಎಂದರೂ, ಅಪಾಯದ ವಾರ್ಷಿಕ ಬೆಲೆ 3.78 ಲಕ್ಷ. ಅಂದರೆ ಎರಡು ಸೆಟ್ಟುಗಳ ಖರ್ಚು ಒಂದೇ ವರ್ಷದ ಅಪಾಯಕ್ಕಿಂತ ಕಡಿಮೆ. ಕಂಪ್ರೆಸರನ್ನು ಇನ್ನು ಮೂರು ವರ್ಷಗಳಲ್ಲಿ ತೆಗೆಯುವ ಯೋಜನೆಯಿದ್ದರೆ ಇಷ್ಟು ಸಾಕು. ಹತ್ತು ವರ್ಷ ಓಡಿಸುವ ಉದ್ದೇಶವಿದ್ದರೆ ಎರಡು ಸೆಟ್ಟುಗಳೂ ತೀರಿ, ಆಗಿನ ಬೆಲೆಗೆ ಮತ್ತೆ ಬದಲಾವಣೆಗೇ ಬರಬೇಕಾಗುತ್ತದೆ. ಯಂತ್ರ ತಾನಾಗಿ ನಿಲ್ಲುವ ಮೊದಲೇ, ರಜೆಯ ದಿನಗಳನ್ನು ಗುರುತಿಸಿ ಅದನ್ನು ಮುಗಿಸುವುದು ಲೇಸು. ಸೆನ್ಸರ್ ಬರುವವರೆಗೆ ಟ್ರಿಪ್ ಸಂಪರ್ಕಕ್ಕೆ ತಂತಿ ಜೋಡಿಸಿ ಯಂತ್ರ ಓಡಿಸುವ ಮೂರನೆಯ ದಾರಿಯೊಂದು ಕೆಲವೆಡೆ ರೂಢಿಯಲ್ಲಿದೆ. ಅದರಲ್ಲಿ ಹೋಗುವುದು ಸೆನ್ಸರ್ ಅಲ್ಲ, ಶಾಫ್ಟ್. ಹತ್ತಿರ ನಿಂತ ಕಾರ್ಮಿಕನ ಪ್ರಾಣವೂ ಹೋಗಬಹುದು.

ಹೀಗೆ ಕೊಂಡಿಟ್ಟ ಸೆಟ್ಟನ್ನು ಲೆಕ್ಕಪುಸ್ತಕದಲ್ಲಿ ಎಲ್ಲಿ ತೋರಿಸಬೇಕು? 2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನಕ 10ರ ಪ್ರಕಾರ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಳಕೆಯಾಗುವ ಬಿಡಿಭಾಗ ಸ್ಥಿರಾಸ್ತಿಯ ವ್ಯಾಖ್ಯೆಗೆ ಹೊಂದಿದರೆ ಅಲ್ಲಿಗೇ ಸೇರುತ್ತದೆ, ಇಲ್ಲವಾದರೆ ದಾಸ್ತಾನು. ಸ್ಥಿರಾಸ್ತಿಯಾದರೆ, ಬಳಕೆಗೆ ಸಿದ್ಧವಾದ ದಿನದಿಂದಲೇ ಸವಕಳಿ ಆರಂಭ. ಯಂತ್ರದ ಉಳಿದ ಆಯುಷ್ಯವನ್ನು ಮೀರಿ ಅದನ್ನು ಹರಡುವಂತಿಲ್ಲ. ಆದಾಯ ಲೆಕ್ಕಾಚಾರಕ್ಕೆ 2017-18ನೇ ತೆರಿಗೆ ನಿರ್ಧರಣಾ ವರ್ಷದಿಂದ ಬಂದ ಐಸಿಡಿಎಸ್ 5ರ ಮಾತು ತುಸು ಬೇರೆ: ನಿರ್ದಿಷ್ಟ ಆಸ್ತಿಯೊಂದಕ್ಕೇ ಬಳಸಬಹುದಾದ ಮತ್ತು ಬಳಕೆ ಅನಿಯಮಿತವಾಗಿರುವ ಬಿಡಿಭಾಗವನ್ನು ಬಂಡವಾಳಕ್ಕೆ ಸೇರಿಸಬೇಕು. ಪ್ರೋಬ್ ಸೆಟ್ಟು ಈ ವಿವರಣೆಗೆ ಸರಿಯಾಗಿ ಹೊಂದುತ್ತದೆ. ಎಲ್ಲಕ್ಕೂ ಹೊಂದುವ ಪಿಟಿ-100 ಹೊಂದುವುದಿಲ್ಲ. ಅದು ಬಳಸಿದಾಗ ಖರ್ಚು. ಎರಡನ್ನೂ ರಿಪೇರಿ ಖಾತೆಗೆ ಹಾಕಿಬಿಡುವ ಅಭ್ಯಾಸ ತಪ್ಪು.

ಬಿಲ್ಲಿಲ್ಲದೆ ಕೊಂಡರೆ ಜಿಎಸ್‌ಟಿ ಹೂಡುವಳಿ ತೆರಿಗೆಯ ಜಮೆ ದೊರೆಯದು. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದು ಕೊಟ್ಟರೆ, ಖರ್ಚಾದಲ್ಲಿ ಅದು ತಿರಸ್ಕೃತ, ಆಸ್ತಿಯಾದಲ್ಲಿ ಅದು ಬೆಲೆಗೆ ಸೇರದು. ಹಳೆಯ ಮಾಲಿನ ವ್ಯಾಪಾರಿ ಲಾಭಾಂಶದ ಮೇಲೆ ಮಾತ್ರ ತೆರಿಗೆ ಕಟ್ಟುವ ಪದ್ಧತಿಯಲ್ಲಿದ್ದರೆ, ಅವನು ಹೇಳುವ ಬೆಲೆಯನ್ನು ಜಮೆ ಸಿಗುವ ಬಿಲ್ಲಿನ ಬೆಲೆಯೊಂದಿಗೆ ನೇರವಾಗಿ ಹೋಲಿಸಬಾರದು.

ಯಂತ್ರವನ್ನು ಮಾರಿದ ಮೇಲೆ ಸ್ಟೋರಿನಲ್ಲಿ ಉಳಿದ ಬಿಡಿಭಾಗಗಳನ್ನು ಪುಸ್ತಕದಿಂದ ತೆಗೆದುಹಾಕುವಾಗ ಹಲವರು ಒಂದು ವಿಷಯ ಮರೆಯುತ್ತಾರೆ. ರೈಟ್ ಆಫ್ ಮಾಡಿದ ಸರಕಿನ ಮೇಲೆ ಪಡೆದ ತೆರಿಗೆ ಜಮೆಯನ್ನು ಜಿಎಸ್‌ಟಿ ಕಾಯಿದೆಯ 17(5)(ಎಚ್) ಕಲಮಿನಂತೆ ಹಿಂದಿರುಗಿಸಬೇಕು. ಅವನ್ನು ಬಿಲ್ಲಿನೊಂದಿಗೆ ಮಾರಿದರೆ ಈ ಕಲಮು ಬಾಧಿಸುವುದಿಲ್ಲ. ಬಂಡವಾಳ ಸರಕಾಗಿದ್ದಲ್ಲಿ, ಪಡೆದ ಜಮೆಯಿಂದ ತ್ರೈಮಾಸಿಕಕ್ಕೆ ಶೇ. 5ರಂತೆ ಕಳೆದು ಉಳಿದದ್ದು ಅಥವಾ ಮಾರಾಟ ಬೆಲೆಯ ಮೇಲಿನ ತೆರಿಗೆ, ಯಾವುದು ಹೆಚ್ಚೋ ಅದನ್ನು ಕಟ್ಟಿದರಾಯಿತು. ಒಬ್ಬರ ಸ್ಟೋರಿನಲ್ಲಿ ಸತ್ತಿರುವ ಆ ಪ್ರೋಬಿಗಾಗಿ, ಅದೇ ಯಂತ್ರವಿರುವ ಮತ್ತೊಬ್ಬರು ಎಸ್.ಪಿ. ರಸ್ತೆಯಲ್ಲಿ ಹುಡುಕುತ್ತಿರುವ ಸಾಧ್ಯತೆ ಕಡಿಮೆಯೇನಲ್ಲ.