ಕಾಡಂಚಿನ ಸೀಮೆಗೆ ಒಗ್ಗುವ ನಾಯಿ: ತಳಿ ಆರಿಸುವ ಮುನ್ನ

ನಾಯಿಯ ತಳಿ ಎಂದರೆ, ಒಂದು ಗೊತ್ತಾದ ಕೆಲಸಕ್ಕೆ ತಕ್ಕ ಮೈಕಟ್ಟು ಮತ್ತು ಗುಣ ಬರುವಂತೆ ಮನುಷ್ಯರು ಹಲವು ತಲೆಮಾರುಗಳ ಕಾಲ ಆರಿಸಿ, ಕೂಡಿಸಿ ಬೆಳೆಸಿಕೊಂಡು ಬಂದ ನಾಯಿಗಳ ವಂಶ. ಬೇಟೆಗಾರ ಹೊಡೆದುರುಳಿಸಿದ ನೀರುಹಕ್ಕಿಯನ್ನು ಬಾಯಲ್ಲಿ ಕಚ್ಚಿ ತಂದುಕೊಡುವುದಕ್ಕೆ ಲ್ಯಾಬ್ರಡಾರ್, ಕುರಿಮಂದೆಯನ್ನು ಅಂಕೆಯಲ್ಲಿಡುವುದಕ್ಕೆ ಜರ್ಮನ್ ಶೆಫರ್ಡ್, ಬಯಲಿನಲ್ಲಿ ಮೊಲವನ್ನು ಅಟ್ಟಿ ಹಿಡಿಯುವುದಕ್ಕೆ ಮುಧೋಳ ನಾಯಿ, ಹಿಮದ ಮೇಲೆ ಬಂಡಿ ಎಳೆಯುವುದಕ್ಕೆ ಹಸ್ಕಿ ರೂಪುಗೊಂಡವು. ಮರಿ ಕೊಳ್ಳಲು ಹೊರಟವರು ಬಣ್ಣ, ಕಿವಿ, ಬೆಲೆಗಳನ್ನು ವಿಚಾರಿಸುತ್ತಾರೆಯೇ ಹೊರತು, ಆ ತಳಿ ಯಾವ ಕೆಲಸಕ್ಕೆಂದು ಹುಟ್ಟಿತೋ ಆ ಕೆಲಸ ತಮ್ಮ ಮನೆಯಲ್ಲಿ ಇದೆಯೇ ಎಂದು ವಿಚಾರಿಸುವುದು ಅಪರೂಪ. ಕೆಲಸವಿಲ್ಲದ ನಾಯಿ ತನ್ನ ಕೆಲಸವನ್ನು ತಾನೇ ಹುಡುಕಿಕೊಳ್ಳುತ್ತದೆ: ಚಪ್ಪಲಿ ಕಡಿಯುವುದು, ಹಿತ್ತಲು ಅಗೆಯುವುದು, ಬೈಕಿನ ಹಿಂದೆ ಓಡುವುದು ಮುಂತಾದ ದೂರುಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವು.

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ. ಈ ಸೀಮೆಯ ಒಂದು ಕಡೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಿಳಿಗಿರಿರಂಗನಬೆಟ್ಟ, ಇನ್ನೊಂದು ಕಡೆ 2013ರಲ್ಲಿ ವನ್ಯಜೀವಿಧಾಮವಾದ ಮಲೆ ಮಹದೇಶ್ವರ ಬೆಟ್ಟ, ಅದಕ್ಕೆ ತಾಗಿದಂತೆ 1987ರಿಂದ ಇರುವ ಕಾವೇರಿ ವನ್ಯಜೀವಿಧಾಮ ಹಬ್ಬಿಕೊಂಡಿರುವುದರಿಂದ, ಇಲ್ಲಿ ಸಾಕುನಾಯಿಯ ನೆರೆಹೊರೆಯಲ್ಲಿ ಚಿರತೆ, ಆನೆ, ಕಾಡುಹಂದಿ, ಸೀಳುನಾಯಿಗಳೂ ಸೇರುತ್ತವೆ. ಬೆಂಗಳೂರಿನ ಅಪಾರ್ಟ್‌ಮೆಂಟಿಗಾಗಿ ಬರೆದ ತಳಿಪಟ್ಟಿಯನ್ನು ಹನೂರಿನ ತೋಟದ ಮನೆಗೆ ಹಚ್ಚಿ ನೋಡಿದರೆ ಅರ್ಧಕ್ಕರ್ಧ ಸಲಹೆಗಳು ಕೆಲಸಕ್ಕೆ ಬಾರವು.

ಮೊದಲು ಅಳೆಯಬೇಕಾದದ್ದು ಕಾಡಿನ ದೂರ

ಮನೆಯಿಂದ ಕಾಡಿನ ಅಂಚು ಎಷ್ಟು ದೂರದಲ್ಲಿದೆ, ನಾಯಿ ರಾತ್ರಿ ಎಲ್ಲಿ ಮಲಗುತ್ತದೆ ಎಂಬ ಎರಡು ಸಂಗತಿಗಳನ್ನು ತಳಿಯ ಹೆಸರಿಗಿಂತ ಮುಂಚೆ ಇತ್ಯರ್ಥ ಮಾಡಿಕೊಳ್ಳಬೇಕು. ಚಿರತೆ ಊರೊಳಗೆ ಬರಲು ಇರುವ ಕಾರಣಗಳಲ್ಲಿ ನಾಯಿಯೂ ಒಂದು. ಜಗುಲಿಯ ಕಂಬಕ್ಕೆ ಸರಪಳಿಯಿಂದ ಕಟ್ಟಿದ ನಾಯಿಗೆ ಓಡಲೂ ಆಗದು, ಎದುರಿಸಲೂ ಆಗದು ಎಂದ ಮೇಲೆ ಅದು ಎಷ್ಟೇ ದೊಡ್ಡ ತಳಿಯದಾದರೂ ಕಾವಲಿಗಿಟ್ಟ ನಾಯಿಯಲ್ಲ, ಚಿರತೆಗೆ ಇಟ್ಟ ಊಟ. ಆದ್ದರಿಂದ ಕಾಡಂಚಿನ ಮನೆಯವರು ಮರಿಗೆ ದುಡ್ಡು ಕೊಡುವ ಮುನ್ನ ನಾಲ್ಕು ಕಡೆಯೂ ಮೇಲೆಯೂ ಗಟ್ಟಿಯಾದ ಜಾಲರಿ ಇರುವ ಗೂಡನ್ನು ಕಟ್ಟಿಸಬೇಕು, ಇಲ್ಲವೇ ಕತ್ತಲಾದ ಮೇಲೆ ನಾಯಿಯನ್ನು ಮನೆಯೊಳಗೆ ಮಲಗಿಸಿಕೊಳ್ಳಲು ಒಪ್ಪಿಕೊಳ್ಳಬೇಕು. ಹಿಮಾಲಯದ ಗದ್ದಿ ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಹೊರಮುಖವಾದ ಕಬ್ಬಿಣದ ಮುಳ್ಳುಗಳಿರುವ ಪಟ್ಟಿ ಕಟ್ಟುತ್ತಾರೆ. ಚಿರತೆ ಮೊದಲು ಬಾಯಿ ಹಾಕುವುದು ಕುತ್ತಿಗೆಗೆ ಆದ್ದರಿಂದ ಹಟ್ಟಿ ಕಾಯುವ ನಾಯಿಗೆ ಇದು ಇಲ್ಲಿಯೂ ಉಪಯುಕ್ತ.

ಆನೆಯ ವಿಚಾರ ಬೇರೆ. ಕೂಗುಮಾರಿಯಾದ, ದುಡುಕು ಸ್ವಭಾವದ ನಾಯಿ ಆನೆಯನ್ನು ಕಂಡು ಬೊಗಳುತ್ತಾ ಮುನ್ನುಗ್ಗುತ್ತದೆ, ಆನೆ ತಿರುಗಿ ಬಿದ್ದಾಗ ರಕ್ಷಣೆಗೆಂದು ಯಜಮಾನನ ಕಡೆಗೇ ಓಡಿ ಬರುತ್ತದೆ, ಅದರ ಬೆನ್ನಿಗೆ ಆನೆಯೂ ಬರುತ್ತದೆ. ಜೋಳ, ಕಬ್ಬಿನ ಹೊಲದಲ್ಲಿ ರಾತ್ರಿ ಕಾವಲಿಗೆ ಹೋಗುವವರು ನಾಯಿಯನ್ನು ಜತೆಗೊಯ್ಯುವುದಾದರೆ, ದೂರದಿಂದಲೇ ಸುಳಿವು ಕೊಟ್ಟು ಕರೆದಾಗ ಹಿಂದಕ್ಕೆ ಬರುವ ನಾಯಿಯನ್ನಷ್ಟೇ ಒಯ್ಯಬೇಕು. ಅಟ್ಟಿ ಹೋಗುವ ಚಪಲವುಳ್ಳ ಬೇಟೆತಳಿಗಳು ಈ ಕೆಲಸಕ್ಕೆ ಸಲ್ಲವು. ಅವುಗಳಿಂದ ಕಾನೂನಿನ ತೊಡಕೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹೇಳುವ ‘ಬೇಟೆ’ ಎಂಬ ಪದದ ವ್ಯಾಪ್ತಿಯಲ್ಲಿ ಕೊಲ್ಲುವುದಷ್ಟೇ ಅಲ್ಲದೆ ನಾಯಿಬಿಟ್ಟು ಅಟ್ಟಿಸುವುದು, ಉರುಳೊಡ್ಡುವುದು ಕೂಡ ಸೇರುತ್ತವೆ.

ಹಗಲಿಡೀ ಬಿಟ್ಟು ಸಾಕುವ ರೂಢಿಗೂ ಈ ಭಾಗದಲ್ಲಿ ಬೆಲೆ ತೆರಬೇಕಾಗುತ್ತದೆ. ಹಂದಿಗೆಂದು ಇಟ್ಟ ಉರುಳು ಮತ್ತು ಸಿಡಿಮದ್ದು ನಾಯಿಯನ್ನು ಹಂದಿಯಿಂದ ಬೇರ್ಪಡಿಸಿ ನೋಡುವುದಿಲ್ಲ. 2025ರ ಜೂನ್‌ನಲ್ಲಿ ಹನೂರು ತಾಲ್ಲೂಕಿನ ಹೂಗ್ಯಂ ಅರಣ್ಯ ವಲಯದಲ್ಲಿ ತಾಯಿಹುಲಿಯೊಂದು ತನ್ನ ನಾಲ್ಕು ಮರಿಗಳೊಂದಿಗೆ ವಿಷಪ್ರಾಶನದಿಂದ ಸತ್ತದ್ದು ಎಲ್ಲರಿಗೂ ತಿಳಿದಿದೆ. ವಿಷ ಹಾಕಿದ ಕಳೇಬರಕ್ಕೆ ಬಾಯಿ ಹಾಕುವ ಪ್ರಾಣಿಗಳಲ್ಲಿ ಊರನಾಯಿಯೂ ಇರುತ್ತದೆ.

ಬಿಸಿಲು, ಉಣ್ಣೆ ಮತ್ತು ರೇಷ್ಮೆಹುಳು

ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ, ಅದು ನಾಲಿಗೆ ಚಾಚಿ ಏದುಸಿರು ಬಿಡುತ್ತಾ ಒಳಗಿನ ಕಾವನ್ನು ಹೊರಹಾಕುತ್ತದೆ. ಮೂತಿ ಚಪ್ಪಟೆಯಾದ ಪಗ್, ಬುಲ್‌ಡಾಗ್‌ಗಳಿಗೆ ಗಾಳಿಯ ದಾರಿಯೇ ಕಿರಿದು. ದಟ್ಟ ಒಳಗೂದಲಿನ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳಿಗೆ ಕಾವು ಹೊರಹೋಗುವುದೇ ಕಷ್ಟ. ಕಾವೇರಿ ಬಯಲಿನ ಏಪ್ರಿಲ್ ಸೆಕೆಯಲ್ಲಿ ತಗಡು ಚಾವಣಿಯ ಕೆಳಗೆ ಇವುಗಳನ್ನು ಸಾಕುವುದು ಹಿಂಸೆಯೇ ಸರಿ. ಬಿಳಿಗಿರಿರಂಗನಬೆಟ್ಟದ ತಂಪನ್ನು ನೆನೆದು ಯಳಂದೂರಿನ ಕೆಳಪೇಟೆಯವರು ಹಸ್ಕಿ ತರಬಾರದು.

ಕೂದಲು ದಟ್ಟವಾದಷ್ಟೂ ಉಣ್ಣೆ, ಅಂದರೆ ರಕ್ತ ಹೀರುವ ಉಣುಗು, ಅಡಗಿ ಕೂರಲು ಎಡೆ ಸಿಗುತ್ತದೆ. ಅದು ಹರಡುವ ಎರ್ಲಿಕಿಯಾ, ಬೆಬೀಸಿಯಾ ಎಂಬ ಸೂಕ್ಷ್ಮಜೀವಿಗಳಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಟ್ಟು, ವಸಡು ಬಿಳಿಚಿ, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಸುರಿದು ಸಾಯುವುದುಂಟು. ನಾಯಿಗೆ ಉಣ್ಣೆಯ ಔಷಧಿ ತಪ್ಪದು, ಆದರೆ ರೇಷ್ಮೆ ಬೆಳೆಯುವ ಮನೆಗಳಲ್ಲಿ ಇಲ್ಲೊಂದು ಅಪಾಯವಿದೆ. ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಿಂದಲೂ, ಅಂದರೆ 1956ಕ್ಕೂ ಮೊದಲಿನಿಂದ, ರೇಷ್ಮೆಗೆ ಹೆಸರಾದದ್ದು. ಉಣ್ಣೆಗೆ ಹಚ್ಚುವ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್‌ನಂಥ ಕೀಟನಾಶಕಗಳು ರೇಷ್ಮೆಹುಳುವಿಗೆ ಕಡು ವಿಷ. ನಾಯಿಗೆ ಔಷಧಿ ಸವರಿದ ಕೈಯಲ್ಲೇ ಹಿಪ್ಪುನೇರಳೆ ಸೊಪ್ಪು ಬಿಡಿಸಿದರೆ, ಅಥವಾ ಔಷಧಿ ಹಚ್ಚಿದ ನಾಯಿ ಹುಳುಮನೆಯೊಳಗೆ ಓಡಾಡಿದರೆ, ಹಣ್ಣಾಗಲು ಬಂದ ಹುಳುವೇ ಕೈತಪ್ಪಬಹುದು. ಹೀಗಾಗಿ ರೇಷ್ಮೆ ಸಾಕುವವರಿಗೆ ಉಣ್ಣೆ ಕಣ್ಣಿಗೆ ಬೀಳುವಂಥ ಗಿಡ್ಡಗೂದಲಿನ ನಾಯಿಯೇ ಲೇಸು. ಮೈಗೆ ಹಚ್ಚುವುದರ ಬದಲು ನುಂಗಿಸುವ ಮಾತ್ರೆ ಆಗುತ್ತದೆಯೇ ಎಂದು ಪಶುವೈದ್ಯರನ್ನು ಕೇಳುವುದು ಇನ್ನೂ ಲೇಸು.

ಮನೆಯವರ ಸ್ವಭಾವ

ತಳಿಯ ಗುಣಕ್ಕಿಂತ ಸಾಕುವವರ ಗುಣ ಹೆಚ್ಚು ನಿಷ್ಠುರವಾದ ಪರೀಕ್ಷೆಯನ್ನು ಬೇಡುತ್ತದೆ. ಮನೆಯಲ್ಲಿ ಬೆಳಿಗ್ಗೆ ನಾಯಿಯನ್ನು ನಡೆಸುವವರು ಯಾರು, ಅವರು ಊರಿಗೆ ಹೋದಾಗ ಅನ್ನ ಹಾಕುವವರು ಯಾರು, ಮಹದೇಶ್ವರ ಬೆಟ್ಟಕ್ಕೆ ಮನೆಮಂದಿಯೆಲ್ಲ ಹೊರಟಾಗ ನಾಯಿ ಯಾರ ಪಾಲು ಎಂಬುದಕ್ಕೆ ಹೆಸರು ಹಿಡಿದು ಉತ್ತರ ಹೇಳಲಾಗದಿದ್ದರೆ ಮರಿಯ ವಿಚಾರವನ್ನು ಮುಂದಕ್ಕೆ ಹಾಕುವುದು ಒಳ್ಳೆಯದು. ಬೇಗ ಸಿಟ್ಟಾಗಿ ಕೈಯೆತ್ತುವವರು ಮುಧೋಳದಂಥ ಅಳುಕಿನ ತಳಿಯನ್ನು ಕೆಡಿಸುತ್ತಾರೆ. ಏನನ್ನೂ ಖಂಡಿತವಾಗಿ ಹೇಳಲಾರದ ಮೃದು ಸ್ವಭಾವದವರು ರಾಟ್‌ವೀಲರ್, ಡಾಬರ್‌ಮನ್‌ಗಳ ಕೈಯಲ್ಲಿ ತಾವೇ ಪಳಗುತ್ತಾರೆ. ಸದ್ದುಗದ್ದಲ, ಬಂದು ಹೋಗುವವರ ಸಂಖ್ಯೆ ಹೆಚ್ಚಿರುವ ಮಗ್ಗದ ಮನೆ, ಅಂಗಡಿಮನೆಗಳಿಗೆ ಹೊಸಬರನ್ನು ಸಹಿಸುವ ನಾಯಿ ಬೇಕು.

ತಳಿ ಎಂಬುದು ಗುಣದ ಖಾತರಿಪತ್ರವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಅಮೆರಿಕದಲ್ಲಿ 18 ಸಾವಿರಕ್ಕೂ ಹೆಚ್ಚು ನಾಯಿಗಳ ಸಮೀಕ್ಷೆ ನಡೆಸಿ, ಎರಡು ಸಾವಿರಕ್ಕೂ ಹೆಚ್ಚಿನವುಗಳ ವಂಶವಾಹಿಯನ್ನು ಪರಿಶೀಲಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ, ನಾಯಿನಾಯಿಯ ನಡುವಣ ವರ್ತನೆಯ ವ್ಯತ್ಯಾಸದಲ್ಲಿ ಸುಮಾರು ಶೇ 9ರಷ್ಟನ್ನು ಮಾತ್ರ ತಳಿಯಿಂದ ವಿವರಿಸಬಹುದೆಂದು ಕಂಡುಕೊಂಡಿತು. ಮೈಕಟ್ಟು, ಕೂದಲು, ಕಾಯಿಲೆಗಳ ವಿಷಯದಲ್ಲಿ ತಳಿಯ ಮಾತು ನಡೆಯುತ್ತದೆ. ಸಾಧುತನದ ವಿಷಯದಲ್ಲಿ ತಾಯಿನಾಯಿ ಮತ್ತು ಬೆಳೆಸಿದ ರೀತಿಯೇ ಹೆಚ್ಚು ಹೇಳುತ್ತವೆ.

ಯಾವುದು ಯಾರಿಗೆ

ಈ ಮೂರು ತಾಲ್ಲೂಕುಗಳ ಹೆಚ್ಚಿನ ಮನೆಗಳಿಗೆ ತಕ್ಕ ನಾಯಿ ಊರನಾಯಿ, ಅಂದರೆ ಯಾರೂ ಆರಿಸಿ ಕೂಡಿಸದೆ ಈ ನೆಲದ ಬಿಸಿಲು, ಕಾಯಿಲೆ, ಆಹಾರಗಳಿಗೆ ತಾನಾಗಿ ಹೊಂದಿಕೊಂಡ ನಾಟಿ ನಾಯಿ. ಗಿಡ್ಡಗೂದಲು, ಹದವಾದ ಗಾತ್ರ, ಚುರುಕು ಕಿವಿ, ಕಡಿಮೆ ಖರ್ಚು ಎಲ್ಲವೂ ಅದರಲ್ಲಿ ಕೂಡಿ ಬಂದಿವೆ. ಬೀದಿಯಲ್ಲಿ ಹುಟ್ಟಿದ್ದೆಂಬ ತಾತ್ಸಾರ ಬಿಟ್ಟರೆ ಅದನ್ನು ನಿರಾಕರಿಸಲು ಸಕಾರಣವಿಲ್ಲ. ಹುಟ್ಟಿದ ಮೂರನೆಯ ವಾರದಿಂದ ಸುಮಾರು 14ನೆಯ ವಾರದವರೆಗಿನ ಅವಧಿಯಲ್ಲಿ ಮರಿಯ ಮನಸ್ಸು ಹೊಸತನ್ನು ಅಂಜಿಕೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಆ ದಿನಗಳಲ್ಲಿ ಮಕ್ಕಳು, ಮೇಕೆ, ಕೋಳಿ, ಟ್ರ್ಯಾಕ್ಟರ್ ಎಲ್ಲವನ್ನೂ ಪರಿಚಯಿಸಿದರೆ ನಾಟಿ ಮರಿ ಹಟ್ಟಿಗೂ ಮನೆಗೂ ಒಪ್ಪುವಂತೆ ಬೆಳೆಯುತ್ತದೆ.

ಕರ್ನಾಟಕದ ಹೆಮ್ಮೆಯಾದ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದು, 2016ರಲ್ಲಿ ಮೀರತ್‌ನ ಸೇನಾ ಕೇಂದ್ರದಲ್ಲಿ ತರಬೇತಿಗೆ ಸೇರಿದ ಮೇಲೆ ದಕ್ಷಿಣದ ಜಿಲ್ಲೆಗಳಲ್ಲಿಯೂ ಬೇಡಿಕೆ ಪಡೆದಿದೆ. ಅದು ನೋಟದ ಬೇಟೆನಾಯಿ, ಎಂದರೆ ವಾಸನೆಗಿಂತ ಕಣ್ಣನ್ನು ನಂಬಿ ದೂರದ ಚಲನೆಯನ್ನು ಕಂಡೊಡನೆ ಬಾಣದಂತೆ ಹೊರಡುವ ಜಾತಿ. ಬೇಲಿ ಹಾಕಿದ ನಾಲ್ಕೈದು ಎಕರೆ ಬಯಲು ಜಮೀನು ಇರುವವರಿಗೆ ಅದು ಸೊಗಸಾದ ಸಂಗಾತಿ. ಕಾಡಿಗೆ ತಾಗಿದ, ಬೇಲಿಯಿಲ್ಲದ ಜಮೀನಿಗೆ ಅದು ತಪ್ಪು ಆಯ್ಕೆ, ಸದಾ ಕಟ್ಟಿಹಾಕುವ ಮನೆಗಂತೂ ಸಲ್ಲದು. ಮರಿ ಬೇಕೆನ್ನುವವರು ಬಾಗಲಕೋಟೆ ಜಿಲ್ಲೆಯ ಮುಧೋಳ ಬಳಿಯ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವನ್ನು ವಿಚಾರಿಸಬಹುದು. ನೆರೆಯ ತಮಿಳುನಾಡಿನ ಚಿಪ್ಪಿಪಾರೈ ತಳಿಗೂ ಬೇಲಿ, ಬಯಲಿನ ಇದೇ ಮಾತು ಅನ್ವಯಿಸುತ್ತದೆ. ಅಚ್ಚ ಬಿಳುಪಿನ ರಾಜಪಾಳಯಂ ತಳಿಯಲ್ಲಿ ಹುಟ್ಟುಕಿವುಡು ಕಾಣಿಸಿಕೊಳ್ಳುವುದರಿಂದ ಮರಿಯ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡದೆ ಕೊಳ್ಳಬಾರದು.

ಪೇಟೆಯ ಮನೆಗೆ, ಮಕ್ಕಳಿರುವಲ್ಲಿಗೆ ಲ್ಯಾಬ್ರಡಾರ್ ಒಪ್ಪುತ್ತದೆ, ಆದರೆ 25ರಿಂದ 36 ಕಿಲೋ ತೂಗುವ ಈ ನಾಯಿಗೆ ಹೊಟ್ಟೆ ತುಂಬಿತೆಂಬ ಅರಿವೇ ಕಡಿಮೆ. ಮುದ್ದೆ, ಅನ್ನ ಮಾತ್ರ ತಿನ್ನಿಸಿ ಓಡಾಟವಿಲ್ಲದೆ ಕೂರಿಸಿದರೆ ನಾಲ್ಕೇ ವರ್ಷಕ್ಕೆ ಕೀಲು ಹಿಡಿದು ಮಲಗುತ್ತದೆ. ಜರ್ಮನ್ ಶೆಫರ್ಡ್ ಜಾಣ ನಾಯಿ. ಬಂಡೀಪುರದಲ್ಲಿ ಕಳ್ಳಬೇಟೆಗಾರರ ಜಾಡು ಹಿಡಿದು ಹೆಸರಾದ ಅರಣ್ಯ ಇಲಾಖೆಯ ರಾಣಾ ಇದೇ ತಳಿಯದು. ಆದರೆ ರಾಣಾನ ಹಿಂದೆ ಅದಕ್ಕೆಂದೇ ನಿಯುಕ್ತರಾದ ಸಿಬ್ಬಂದಿಯ ದಿನನಿತ್ಯದ ತಾಲೀಮು ಇತ್ತು ಎಂಬುದನ್ನು ಮರೆತು ಆಸೆಪಟ್ಟರೆ ಕೈಗೆ ಬರುವುದು ಸೊಂಟದ ನೋವಿನ ಸಿಡುಕು ನಾಯಿ. ಒಂಟಿ ವೃದ್ಧರಿಗೆ ‘ಪಾಮರೇನಿಯನ್’ ಎಂದು ಇಲ್ಲಿ ಕರೆಯುವ, ವಾಸ್ತವದಲ್ಲಿ ಇಂಡಿಯನ್ ಸ್ಪಿಟ್ಜ್ ಆಗಿರುವ ಪುಟ್ಟ ಬಿಳಿನಾಯಿ ಸಾಕು.

ಉಗ್ರ ತಳಿಗಳ ಕುರಿತು ಗೊಂದಲವಿದೆ. ಪಿಟ್‌ಬುಲ್, ರಾಟ್‌ವೀಲರ್ ಸೇರಿದಂತೆ 23 ತಳಿಗಳನ್ನು ನಿಷೇಧಿಸಲು ಸೂಚಿಸಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಮರುತಿಂಗಳೇ ರದ್ದುಪಡಿಸಿತು. ಸುತ್ತೋಲೆ ರದ್ದಾಯಿತೆಂದರೆ ಈ ನಾಯಿಗಳು ಮೊದಲ ಬಾರಿಗೆ ಸಾಕುವವರಿಗೆ ತಕ್ಕವು ಎಂದಾಗದು.

ಕೊಳ್ಳುವಾಗ

2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಬಸ್ ನಿಲ್ದಾಣದಲ್ಲಿ ಪೆಟ್ಟಿಗೆಯಲ್ಲಿಟ್ಟು ಕೊಡುವ ಮರಿಯನ್ನು ಪಡೆಯದೆ, ಹುಟ್ಟಿದ ಸ್ಥಳಕ್ಕೇ ಹೋಗಿ ತಾಯಿಯನ್ನು ನೋಡಬೇಕು. ಅಪರಿಚಿತರನ್ನು ಕಂಡು ಮೂಲೆ ಸೇರುವ ಅಥವಾ ಹಲ್ಲು ಕಿರಿಯುವ ತಾಯಿಯ ಮರಿಗಳನ್ನು ಬಿಟ್ಟುಬಿಡುವುದು ವಿವೇಕ. ಮರಿಯ ವಸಡು ಗುಲಾಬಿ ಬಣ್ಣದ್ದಾಗಿರಬೇಕು, ಕಣ್ಣಿನಲ್ಲಿ ಕೀವಿರಬಾರದು, ಬಾಲದ ಬುಡ ಭೇದಿಯಿಂದ ಒದ್ದೆಯಾಗಿರಬಾರದು. ಮೈ ಬಡಕಲಾಗಿ ಹೊಟ್ಟೆ ಮಾತ್ರ ಉಬ್ಬಿದ್ದರೆ ಜಂತುಹುಳು ಇದೆ ಎಂದು ಶಂಕಿಸಬೇಕು. ಒಂದು ಪಾತ್ರೆಯನ್ನು ನೆಲಕ್ಕೆ ಬೀಳಿಸಿದಾಗ ಬೆಚ್ಚಿ, ಮರುಗಳಿಗೆಯಲ್ಲಿ ಅದನ್ನು ಮೂಸಲು ಬರುವ ಮರಿ ಬಹುತೇಕ ಮನೆಗಳಿಗೆ ಸರಿಹೊಂದುತ್ತದೆ.

ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ ಮೂರು ನಾಲ್ಕು ವಾರಗಳಿಗೊಮ್ಮೆ 16ನೆಯ ವಾರದವರೆಗೆ ಡಿಸ್ಟೆಂಪರ್ ಮತ್ತು ಪಾರ್ವೊ ಲಸಿಕೆಯನ್ನು, ಮೂರು ತಿಂಗಳಿಗೆ ರೇಬೀಸ್ ಅಂದರೆ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ವೈದ್ಯರು ಹೇಳಿದಂತೆ ಮರುಲಸಿಕೆ ಕೊಡಿಸಬೇಕು. ಡಿಸ್ಟೆಂಪರ್ ಎಂಬುದು ಉಸಿರಾಟ, ನರಮಂಡಲಗಳನ್ನು ಕೆಡಿಸುವ ವೈರಾಣು ರೋಗ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಕೆಲವುಗಳ ದೇಹದಲ್ಲಿ ಇದೇ ವೈರಾಣು ಪತ್ತೆಯಾಗಿತ್ತು. ಬಿಳಿಗಿರಿರಂಗನಬೆಟ್ಟದ ಸೀಳುನಾಯಿ, ಹುಲಿ, ಚಿರತೆಗಳಿಗೂ ಇದು ತಗುಲಬಲ್ಲದು. ಆದ್ದರಿಂದ ಕಾಡಂಚಿನ ಊರುಗಳವರು ಯಾವ ತಳಿಯನ್ನೇ ತರಲಿ, ಮರಿ ಬಂದ ವಾರದಲ್ಲಿಯೇ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ದು ಲಸಿಕೆಯ ಚೀಟಿ ಬರೆಯಿಸಿಕೊಳ್ಳಬೇಕು, ಸಂತಾನಹರಣ ಶಸ್ತ್ರಚಿಕಿತ್ಸೆಗೆ ತಕ್ಕ ವಯಸ್ಸು ಯಾವುದೆಂದು ಅಂದೇ ಕೇಳಿಕೊಂಡು ಬರಬೇಕು.