ಕೆರೆಯೂ ಕೇರೆಯೂ

ಖಾನಾಪುರ ತಾಲೂಕಿನ ಮರಾಠಿ ಮಾಧ್ಯಮದ ಶಾಲೆಯೊಂದಕ್ಕೆ ಕನ್ನಡ ಶಿಕ್ಷಕಿಯಾಗಿ ಹೋದ ಮೊದಲ ತಿಂಗಳಲ್ಲೇ ಎರಡು ಕೆಂಪು ಪೆನ್ನು ಮುಗಿದವು. ‘ಊರ ಮುಂದೆ ಕೇರೆ ತುಂಬಿದೆ’ ಎಂದು ಒಬ್ಬ ಬರೆದಿದ್ದ. ಇನ್ನೊಬ್ಬಳು ‘ಒಲೆ’ಯನ್ನು ‘ಓಲೆ’ ಮಾಡಿದ್ದಳು. ಬಸ್ಸು ‘ಬಂದಳು’, ಮಳೆ ‘ಬಂದ’. ಮಂಡ್ಯದ ಕಡೆ ಒಂದನೇ ತರಗತಿಯ ಮಕ್ಕಳೂ ಮಾಡದ ತಪ್ಪನ್ನು ಏಳನೆಯವರು ಮಾಡುತ್ತಿದ್ದಾರಲ್ಲ ಎಂದು ಸಂಕಟವಾಗುತ್ತಿತ್ತು. ಅಸಡ್ಡೆ ಅಂದುಕೊಂಡೆ. ಒಬ್ಬ ಹುಡುಗನ ಕೈಲಿ ‘ಕೆರೆ’ ಎಂದು ಐವತ್ತು ಸಲ ಬರೆಸಿದೆ. ಐವತ್ತು ಸಲವೂ ಸರಿಯಾಗಿಯೇ ಬರೆದ. ಓದು ಅಂದರೆ ‘ಕೇರೆ’ ಎಂದೇ ಓದಿದ.

ಆಗ ಬೆಳಗಾವಿಯ ವಡಗಾವಿಯಲ್ಲಿ ಬಾಡಿಗೆಗೆ ಇದ್ದೆ. ಮಗ್ಗದ ಸದ್ದಿಗೆ ಎದ್ದು ಹೊರಟರೆ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು, ಅಲ್ಲಿಂದ ನಂದಗಡದ ದಿಕ್ಕಿನ ಇನ್ನೊಂದು ಬಸ್ಸು. ಊರು ಬಿಡುವಾಗ ನೆಂಟರೆಲ್ಲ ‘ಗಲಾಟೆ ಊರು ಕಣವ್ವ, ಹುಷಾರು’ ಅಂದಿದ್ದರು. ನವೆಂಬರ್ 1ರಂದು ಚನ್ನಮ್ಮ ವೃತ್ತದಲ್ಲಿ ರಾಜ್ಯೋತ್ಸವದ ಮೆರವಣಿಗೆ, ಅದೇ ದಿನ ಅದೇ ಊರಿನ ಬೇರೆ ಬೀದಿಗಳಲ್ಲಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವವರ ಕರಾಳ ದಿನ. 1956ರ ರಾಜ್ಯ ವಿಂಗಡಣೆಯಿಂದ ಬಂದ ಈ ಜಗಳ ಬಿಟ್ಟರೆ ಬೆಳಗಾವಿಯ ಬಗ್ಗೆ ನನಗೂ ಹೆಚ್ಚೇನೂ ತಿಳಿದಿರಲಿಲ್ಲ. ಗಲ್ಲಿಯಲ್ಲಿ ಒಲೆ ಹೂಡಿದ ಮೇಲೆ ಎದುರಾದ ತೊಡಕೇ ಬೇರೆ. ಗಣಪತ್ ಗಲ್ಲಿಯಲ್ಲಿ ‘ಕಾಯಿ ಕೊಡಿ’ ಅಂದರೆ ಮಾರುವ ಅಜ್ಜಿ ‘ಕಾಯ್?’ ಅಂದರು. ‘ಹೂಂ, ಕಾಯಿ’ ಅಂದೆ. ಮತ್ತೆ ‘ಕಾಯ್?’ ಮರಾಠಿಯಲ್ಲಿ ಕಾಯ್ ಎಂದರೆ ಏನು ಎಂಬ ಪ್ರಶ್ನೆ, ತೆಂಗಿನಕಾಯಿ ನಾರಳ. ಅಲ್ಲಿನ ಕನ್ನಡವೂ ನನಗೆ ಹೊಸದೇ. ‘ಇವತ್ತ ಸಾಲಿ ಸೂಟಿ ಏನ್ರೀ ಅಕ್ಕೋರ?’ ಎಂದು ಪಕ್ಕದ ಮನೆಯವರು ಕೇಳಿದರೆ ಉತ್ತರಿಸಲು ಒಂದು ಗಳಿಗೆ ಬೇಕಾಗುತ್ತಿತ್ತು. ಸಾಲಿ ಮರಾಠಿಯ ಶಾಳಾ, ಸೂಟಿ ಮರಾಠಿಯ ಸುಟ್ಟೀ.

ಮನೆಯ ಯಜಮಾನಿ ಮರಾಠಿಯವರು, ಕಾಕು ಅನ್ನುತ್ತಿದ್ದೆ. ಸಂಜೆ ಬಾಗಿಲಲ್ಲಿ ನಿಂತು ‘ಕಾಯ್ ಕರಾಯ್ ಲಾಗ್ಲೀಸ್ ಗಂ?’ ಎಂದು ಕೇಳುವರು. ಪಕ್ಕದ ಮನೆಯಿಂದ ಅದೇ ಹೊತ್ತಿಗೆ ‘ಏನ್ ಮಾಡಾಕ ಹತ್ತೀರಿ?’ ಎರಡನ್ನೂ ದಿನಾ ಕೇಳಿ ಕೇಳಿ ಒಂದು ಸಂಜೆ ತಟ್ಟನೆ ಹೊಳೆಯಿತು. ಮಾಡಾಕ ಎಂಬುದೇ ಕರಾಯ್, ಹತ್ತು ಎಂಬುದೇ ಲಾಗ್. ಪಠ್ಯಪುಸ್ತಕದ ಮರಾಠಿ ‘ಕಾಯ್ ಕರತೇಸ್’ ಅನ್ನುವುದನ್ನು ಈ ಸೀಮೆಯ ಮರಾಠಿ ಕನ್ನಡದ ಅಚ್ಚಿನಲ್ಲಿ ಎರಕ ಹೊಯ್ದುಕೊಂಡಿದೆ. ಮರಾಠಿ ಲೇಖಕ ಪು. ಲ. ದೇಶಪಾಂಡೆಯವರು ಬೆಳಗಾವಿಯಲ್ಲಿ ಪಾಠ ಹೇಳಿದವರು, ಅವರ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರದಲ್ಲಿ ಇಂಥದೇ ಮಾತಿದೆ ಎಂದು ಕಾಕು ಹೇಳಿದರು. ಅಲ್ಲಿಂದ ಮುಂದೆ ಮರಾಠಿ ನನಗೆ ಪರಭಾಷೆ ಅನ್ನಿಸಲಿಲ್ಲ. ಕನ್ನಡದಲ್ಲಿ ವಾಕ್ಯ ಕಟ್ಟಿ ಪದ ಬದಲಿಸುತ್ತ ಹೋದರೆ ಅರ್ಧ ದಾರಿ ಸಾಗುತ್ತಿತ್ತು. ನಾಲಿಗೆ ಮಾತ್ರ ಬಹಳ ಕಾಲ ಮಣಿಯಲಿಲ್ಲ. ‘ಚಾಂಗಲಂ’ ಅನ್ನುವಾಗಿನ ಚಕಾರಕ್ಕೆ ನಾಲಿಗೆಯ ತುದಿ ಹಲ್ಲಿನ ಹಿಂಬದಿಗೆ ತಾಗಬೇಕು, ಕನ್ನಡದ ಚಕಾರ ಅಲ್ಲಿಗೆ ಹೋಗುವುದೇ ಇಲ್ಲ.

ಕಾಕುವಿನ ಮೊಮ್ಮಗ ಒಂದನೇ ತರಗತಿ. ಒಂದು ರಾತ್ರಿ ಅವನು ಜಗಲಿಯಲ್ಲಿ ಕುಳಿತು ಬಾರಾಖಡಿ ಹೇಳುತ್ತಿದ್ದ: ಕ, ಕಾ, ಕಿ, ಕೀ, ಕು, ಕೂ, ಕೇ, ಕೈ, ಕೋ, ಕೌ, ಕಂ, ಕಃ. ಬಾರಾ ಎಂದರೆ ಹನ್ನೆರಡು. ಬೆರಳು ಮಡಿಸಿ ಎಣಿಸಿದೆ. ನಮ್ಮ ಕಾಗುಣಿತದ ಕೆ, ಕೊ ಎಂಬ ಹ್ರಸ್ವಗಳು ಅಲ್ಲಿಲ್ಲ. ಹಿಂದಿ ಓದಿದ್ದರೂ ಇದು ಕಣ್ಣಿಗೆ ಬಿದ್ದಿರಲಿಲ್ಲ. ಹಿಂದಿ ಪರೀಕ್ಷೆಗೆ ಓದಿದ್ದು, ಮರಾಠಿಯಲ್ಲಿ ಬದುಕಬೇಕಾಗಿತ್ತು. ಆ ಮಕ್ಕಳ ಕಿವಿಯಲ್ಲಿ ಕೆರೆಯೂ ಕೇರೆಯೂ ಒಂದೇ ಸದ್ದು. ನಾನು ಗೀಟು ಹಾಕಿದ್ದು ಅಸಡ್ಡೆಗಲ್ಲ, ಅವರ ತಾಯಿಯ ಮಾತಿಗೆ. ಐವತ್ತು ಸಲ ಬರೆದ ಆ ಹುಡುಗನ ಮುಖ ನೆನಪಾಗಿ ಅಂದು ನಿದ್ದೆ ಬರಲಿಲ್ಲ.

ಮರುದಿನ ಬರೆಸುವುದನ್ನು ನಿಲ್ಲಿಸಿ ಕೇಳಿಸಲು ಹೊರಟೆ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು. ಕಪ್ಪುಹಲಗೆಯ ಮೇಲೆ ಒಂದು ಕಡೆ ನೀರಿನ ಕೆರೆ, ಇನ್ನೊಂದು ಕಡೆ ಕೇರೆಹಾವು ಬರೆದೆ. ವಾರಗಟ್ಟಲೆ ಬರೀ ಇದೇ. ಬಸ್ಸು ‘ಬಂದಳು’ ಎಂಬುದೂ ಆಗಲೇ ಬಗೆಹರಿಯಿತು. ಮರಾಠಿಯಲ್ಲಿ ಬಸ್ಸು ಸ್ತ್ರೀಲಿಂಗ, ಮಳೆ ಪುಲ್ಲಿಂಗ. ತರಗತಿಯೊಳಗೇ ಮೂರು ಲಿಂಗಗಳೂ ಇದ್ದವು: ಗೋಡೆಯ ಮೇಲಿನ ಫಳಾ ಗಂಡು, ಕೈಯಲ್ಲಿನ ಪಾಟೀ ಹೆಣ್ಣು, ಪುಸ್ತಕ ನಪುಂಸಕ. ನಾನು ‘ಮಾಝಂ ಪಾಟೀ’ ಅಂದರೆ ಇಡೀ ತರಗತಿ ‘ಬಾಯೀ, ಮಾಝೀ!’ ಎಂದು ತಿದ್ದುತ್ತಿತ್ತು. ಕನ್ನಡದಲ್ಲಿ ಫಳಾ, ಪಾಟೀ, ಬಸ್ಸು, ಮಳೆ, ನಾಯಿ ಎಲ್ಲವೂ ‘ಬಂತು’ ಎಂದು ಹೇಳಿದ ದಿನ ಹಿಂದಿನ ಬೆಂಚಿನಿಂದ ‘ಸೋಪಂ ಆಹೇ ಬಾಯೀ!’ ಎಂಬ ಕೂಗು ಬಂತು. ಸೋಪಂ ಅಂದರೆ ಸುಲಭ. ಕನ್ನಡ ಸುಲಭ ಎಂಬ ಮಾತನ್ನು ಆ ಶಾಲೆಯಲ್ಲಿ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂತು.

ಗಡಿಯ ಮರಾಠಿ ಶಾಲೆಗಳಿಗೆ ಬರುವ ಕನ್ನಡ ಶಿಕ್ಷಕರಿಗೆ ಮೂರು ತಿಂಗಳಾದರೂ ಮರಾಠಿ ಕಲಿಸಿಯೇ ಕಳಿಸಬೇಕು. ಇದರಿಂದ ಕನ್ನಡ ಸಣ್ಣದಾಗುತ್ತದೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮರಾಠಿ ಬಾರದೆ ಕಳೆದ ಆ ತಿಂಗಳುಗಳಲ್ಲಿ ಮಕ್ಕಳ ಮನಸ್ಸಿನಲ್ಲಿ ಕನ್ನಡವೆಂದರೆ ಕೆಂಪು ಗೀಟು ಎಂದು ಮಾಡಿದವಳು ನಾನೇ.

ಎರಡನೆಯ ವರ್ಷ ಮಕ್ಕಳನ್ನು ನಂದಗಡಕ್ಕೆ ಕರೆದುಕೊಂಡು ಹೋದೆವು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು. ಸಮಾಧಿಯ ಹತ್ತಿರದ ಆಲದ ಮರದಡಿ ಕುಳಿತಾಗ, ನಾನು ಪಾಠದ ಕಥೆ ಶುರು ಮಾಡುವ ಮೊದಲೇ ಐವತ್ತು ಸಲ ಬರೆದಿದ್ದ ಆ ಹುಡುಗ ತನ್ನ ಅಜ್ಜ ಹೇಳಿದ ರಾಯಣ್ಣನ ಕಥೆ ಶುರು ಮಾಡಿದ, ಮರಾಠಿಯಲ್ಲಿ. ಒಂದು ಮಾತೂ ಬಿಡದೆ ನನಗೆ ಅರ್ಥವಾಯಿತು. ರಾಯಣ್ಣ ಸ್ನಾನಕ್ಕಿಳಿದಾಗ ಮೋಸದಿಂದ ಹಿಡಿದರಂತೆ, ‘ಓಢ್ಯಾತ್’ ಅಂದ. ಅದೊಂದು ಪದ ನನಗೆ ಹೊಸದು. ‘ಓಢಾ ಅಂದರೆ ಕೆರೆಯೇನೋ?’ ಎಂದು ಕೇಳಿದೆ. ಅವನು ತಲೆ ಅಲ್ಲಾಡಿಸಿ ಒಂದು ಸಲ ಚಪ್ಪಾಳೆ ತಟ್ಟಿದ.

‘ಕೆರೆ ನಾಹೀ ಬಾಯೀ, ಹಳ್ಳ.’